ಕಣ್ಣಿನ ಗಾಡಿ

ಚಿಂತಾಮಣಿಯ ಗ್ಯಾರೇಜಿನ ಹಿಂದೆ, ಹೊಂಗೆಯ ಕೆಳಗೆ
ಟೈರಿಲ್ಲದೆ ಕೂತಿತ್ತು ಹಳೇ ನೇತ್ರ ತಪಾಸಣೆಯ ವ್ಯಾನು.
ಎಂಬತ್ತೈದು ಸಾವಿರ ಅಂದ ಬಾಬಾಜಾನ್.
ವನಜ ಒಳಗೆ ಹತ್ತಿ ನೆಲಕ್ಕೆ ಹೆಬ್ಬೆರಳೊತ್ತಿದಳು;
ಹೆಬ್ಬೆರಳು ಆಚೆ ಬಂತು.
ಅರವತ್ತಕ್ಕೆ ಇಳಿಯಿತು.

ಆರು ತಿಂಗಳು ಭಾನುವಾರವೆಂದರೆ ತುಕ್ಕು.
ಉಪ್ಪುಕಾಗದ ತಿಕ್ಕಿ ತಿಕ್ಕಿ ಬೆರಳ ಗೆರೆ ಸವೆದು
ರೇಷನ್ ಅಂಗಡಿಯ ಯಂತ್ರ ನಾನು ನಾನಲ್ಲ ಎಂದಿತು.
ನೀಲಿಯ ಅಡಿ ಹಳದಿ, ಹಳದಿಯ ಅಡಿ
ಯಾರದೋ ಸೀಮೆಸುಣ್ಣದ ಬರಹ: ಬ್ರೇಕ್ ನೋಡಿ.
ನೋಡಿದೆವು. ಇರಲಿಲ್ಲ.

ಅಡುಗೆಕಟ್ಟೆಗೆ ಕಡಪಾ ಕಲ್ಲು ಭಾರ ಅಂದೆ.
ತಗಡಿನ ಮೇಲೆ ಚಪಾತಿ ಲಟ್ಟಿಸು ನೀನೇ, ಅಂದಳು.
ಬಾಬಾಜಾನ್ ಮಾತಾಡದೆ
ಹಿಂದಿನ ಬ್ಲೇಡಿಗೆ ಇನ್ನೊಂದು ಪಟ್ಟಿ ಸೇರಿಸಿದ.

ಒಳಗೋಡೆಯ ಅಕ್ಷರಪಟ ಮಾತ್ರ ಕೀಳಲಾಗಲಿಲ್ಲ.
ರ, ಗ, ಠ, ಸ... ಇಳಿದಿಳಿದು ಇರುವೆಯಾಗುವ ಸಾಲು.
ಎಷ್ಟು ಜನ ಒಂದು ಕಣ್ಣು ಮುಚ್ಚಿ
ಇದರೆದುರು ಸುಳ್ಳಾಡಿರಬೇಕು, ಕಾಣುತ್ತೆ ಸಾರ್, ಅಂತ.

ನಿನ್ನೆ ಮೊದಲ ಸಲ ಹೊರಟೆವು.
ಕೈವಾರದ ದಾರಿಯ ಏರಿನಲ್ಲಿ ಹೊಗೆಯುಗುಳಿ ನಿಂತಿತು.
ಹೊಸ ಮಂಚದ ಮೇಲೆ ಅಡ್ಡಾಗಿ, ಕನ್ನಡಕ ತೆಗೆದಿಟ್ಟು,
ವನಜ ಕೊನೆಯ ಸಾಲು ಓದಿದಳು.
ಸರಿ ಅಂದೆ.
ನನಗೂ ಕಾಣುತ್ತಿರಲಿಲ್ಲ.