ಮುಕ್ಕಾಲು ಓಟು

ಅಶೋಕಪುರಂ ರೈಲ್ವೆ ವರ್ಕ್‌ಶಾಪಿನ ಲೇತು
ಹುಚ್ಚಯ್ಯನವರ ಬಲಗೈಲಿ ಉಳಿಸಿದ್ದು ಮೂರೇ ಬೆರಳು.
ಸೊಸೈಟಿಯ ಮಹಾಸಭೆಯಲ್ಲಿ ಆ ಕೈ ಮೇಲೆದ್ದಾಗ
ಹಿಂದಿನ ಬೆಂಚಿಂದ ಯಾರೋ ಕೂಗಿದ:
"ಸೆಕ್ರೆಟ್ರೀ, ಅದನ್ನ ಮುಕ್ಕಾಲು ಓಟು ಅಂತ ಬರ್ಕೊಳ್ಳಿ!"
ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ.
ನಕ್ಕರು, ಕೈ ಮಾತ್ರ ಇಳಿಸಲಿಲ್ಲ
ಎಣಿಕೆ ಮುಗಿಯೋವರೆಗೂ.

ನೂರು ಶೇರಿನ ಫೋರ್‌ಮನ್ನಿಗೂ ಒಂದೇ ಕೈ,
ಬೋಗಿ ತೊಳೆಯೋ ಚೌಡಮ್ಮನಿಗೂ ಒಂದೇ.
ವಿಲಾಯಿತಿಯ ರಾಚ್‌ಡೇಲು ಅವರ ಬಾಯಲ್ಲಿ ರಾಜಡೇಲು:
"ಇಪ್ಪತ್ತೆಂಟು ಜನ ಕಣಪ್ಪ, ಬಡವರು, ನಮ್ಮಂಗೇ.
ಹಿಟ್ಟು, ಸಕ್ಕರೆ, ಬೆಣ್ಣೆ, ಒಂದಿಷ್ಟು ಮೇಣದಬತ್ತಿ,
ಅಷ್ಟಿಟ್ಕೊಂಡು ಬಾಗಿಲು ತೆಗೆದ್ರು."
ಬೆಣ್ಣೆ ಕೆಡ್ತಿರಲಿಲ್ವಾ, ಅಂತ ಕೇಳಿದೆ.
ಸುಮಾರು ಹೊತ್ತು ಯೋಚಿಸಿ,
"ಚಳಿ ದೇಶ," ಅಂದರು.

ನಾನು ತಕ್ಕಡಿಯವನು.
ಒಂದು ಸಂಜೆ ಸಕ್ಕರೆ ತೂಗುವಾಗ
ನನ್ನ ಹೆಬ್ಬೆರಳು ತಟ್ಟೆಯ ಅಂಚಿಗೆ ಒರಗಿತ್ತು.
ಒರಗಿತ್ತು ಅಂತಲೇ ಹೇಳ್ತೀನಿ, ಇಷ್ಟು ವರ್ಷ ಆದಮೇಲೂ.
ಮಾರನೇ ದಿನ ಬಾಗಿಲು ಹಾಕೋ ಹೊತ್ತಿಗೆ ಬಂದು
ಅದೇ ಪೊಟ್ಟಣ, ಬಿಚ್ಚದ ದಾರ, ಮುಂದಿಟ್ಟರು.
"ಇನ್ನೊಂದ್ಸಲ ತೂಗಪ್ಪ."
ಐವತ್ತು ಗ್ರಾಂ ಕಮ್ಮಿ.
ಹೂಂ, ಅಂದರು. ಎತ್ತಿಕೊಂಡು ಹೋದರು.
ಆ ಐವತ್ತು ಗ್ರಾಮನ್ನ ಕೇಳಲಿಲ್ಲ.

ಆಮೇಲೆ ಕೌನ್ಸಿಲರ್ ಆದರು, ಮೂರು ಬೀದಿಗೆ ನಲ್ಲಿ ಹಾಕಿಸಿದರು.
ಮಗನಿಗೆ ಅಂಗಡೀಲಿ ಕೆಲಸ ಕೊಡಲಿಲ್ಲ ಅಂತ
ದೇವೀರಮ್ಮ ಒಂದು ವರ್ಷ ಮಾತು ಬಿಟ್ಟರು.
ಆಯಮ್ಮನ ಕಡೆಯೇ ನ್ಯಾಯ ಇತ್ತು,
ಹುಡುಗ ಲೆಕ್ಕದಲ್ಲಿ ನನಗಿಂತ ಚುರುಕು.

ಎಮ್ಮೆಲ್ಲೆಗೆ ನಿಂತರು, ಠೇವಣಿ ಹೋಯಿತು.
ಫಲಿತಾಂಶದ ಸಂಜೆಯೇ ಸೀಮೆಎಣ್ಣೆ ಕ್ಯೂನಲ್ಲಿ
ಡಬ್ಬ ಹಿಡಿದು ನಿಂತಿದ್ದರು, ಹದಿನೇಳನೆಯವರಾಗಿ.
ಮುಂದಿದ್ದವರು ಸರಿದು ಜಾಗ ಕೊಟ್ಟರೆ
ಡಬ್ಬ ನೆಲಕ್ಕೂರಿ ಅಲ್ಲೇ ನಿಂತರು.
"ಸಾವಿರದ ನೂರ ನಲವತ್ಮೂರು ಓಟು ಕಣೋ.
ಅಷ್ಟು ಕಾರ್ಡು ನಮ್ಮಂಗಡೀಲಿ ಇದ್ದಿದ್ರೆ
ಗೋಡೌನು ಸಾಲ್ತಿತ್ತಾ?"

ಸತ್ತಾಗ ಟ್ರಂಕಿನಲ್ಲಿ ಸಿಕ್ಕಿದ್ದು ಒಂದು ಶೇರು,
ಹತ್ತು ರೂಪಾಯಿಯದು, ಮಡಿಕೆಯಲ್ಲಿ ಹರಿದದ್ದು.
ಹತ್ತೊಂಬತ್ತು ವರ್ಷ ಅಧ್ಯಕ್ಷರು.

ಈಗ ಬೋಗಾದಿ ರಸ್ತೆಯ ಸೂಪರ್‌ಮಾರ್ಕೆಟ್ಟಿನಲ್ಲಿ
ಟೊಮೆಟೊ ತೂಗೋದು ಮಿಷೀನು,
ಹುಡುಗಿ ನೋಡದೆಯೇ ಚೀಟಿ ಅಂಟಿಸ್ತಾಳೆ.
ನಾನು ಬರೀ ಗಿರಾಕಿ.
ಆದರೂ ಹೆಬ್ಬೆರಳನ್ನ
ಮುಷ್ಟಿಯೊಳಗೆ ಮಡಚಿಕೊಂಡೇ ನಿಂತಿರ್ತೀನಿ.