ಕ್ರಿಯಾಪದ ಕೊನೆಗೆ

ಉದ್ಯಮಬಾಗದಲ್ಲಿ ಎರಡನೇ ಪಾಳಿ ಬಿಟ್ಟ ಮೇಲೆ
ಮೂರನೇ ಗೇಟಿನಲ್ಲಿ ರೈಲು ದಾಟುವವರೆಗೆ ಕಾದು
ಅನಗೋಳದ ಖೋಲಿಗೆ ಬಂದು, ತಣ್ಣಗಾದ ಝುಣಕ ತಿಂದು
ಜರ್ಮನ್ ಸುದ್ದಿ ತೆರೆಯುತ್ತೇನೆ.
ಇಲ್ಲಿ ಹನ್ನೆರಡು. ಅಲ್ಲಿ ಇನ್ನೂ ಸಂಜೆ ಏಳೂವರೆ.

ಕಲಿತದ್ದು ಹೊಟ್ಟೆಪಾಡಿಗೆ.
ಗಿರಾಕಿಯ ನಕ್ಷೆಯಲ್ಲಿ ಒಂದು ಪದ ತಪ್ಪು ಓದಿ
ಅರವತ್ತು ಪಂಪಿನ ಕವಚ ವಾಪಸು ಬಂದ ವರ್ಷ
ಪೋತದಾರ ಸಾಹೇಬರು ಅಂದರು:
"ಯಾರರ ಒಬ್ಬರು ಕಲೀರಿ ಇದನ್ನ."
ಯಾರೂ ಏಳಲಿಲ್ಲ. ತಪಾಸಣೆ ಮೇಜಿನ ನಾನು ಎದ್ದೆ.

ಪುಸ್ತಕದ ಜರ್ಮನ್‌ನಲ್ಲಿ ಎಲ್ಲರೂ ಹೋಟೆಲಿನಲ್ಲಿ ಕೂತು
ಸೂಪು ಕೇಳುತ್ತಿದ್ದರು.
ಸುದ್ದಿಯ ಜರ್ಮನ್‌ನಲ್ಲಿ ರೈಲು ಚಾಲಕರು ಮುಷ್ಕರ ಹೂಡಿದ್ದರು,
ಗಡ್ಡೆಯಿಂದ ಸಕ್ಕರೆ ತೆಗೆಯುವ ಊರಿನವರು
ನಮ್ಮ ಕಬ್ಬಿನವರ ಹಾಗೆಯೇ ದರಕ್ಕಾಗಿ
ಹೆದ್ದಾರಿಗೆ ಟ್ರ್ಯಾಕ್ಟರ್ ಅಡ್ಡ ನಿಲ್ಲಿಸಿದ್ದರು,
ಯಾವುದೋ ಹಳ್ಳಿಯ ಕೊಕ್ಕರೆ ಗೂಡಿಗೆ ಮರಳಿತ್ತು.
ಮೊದಲು ಪೂರ್ತಿ ತಿಳಿದದ್ದು ಕೊಕ್ಕರೆಯೇ.

ಅದು ಸರಕಾರದ್ದಲ್ಲ, ಸಾಹುಕಾರನದ್ದೂ ಅಲ್ಲವಂತೆ.
ಮನೆಮನೆಗೆ ಪಟ್ಟಿ ಎತ್ತಿ ನಡೆಸುವ ಸುದ್ದಿ.
ಗಲ್ಲಿಯ ಗಣಪತಿಗೆ ಪಟ್ಟಿ ಕೊಡದೆ
ಪ್ರಸಾದಕ್ಕೆ ಮಾತ್ರ ಕೈ ಒಡ್ಡುವವಳು ನಾನು.
ರಶೀದಿ ಯಾರೂ ಕೇಳಿಲ್ಲ ಇನ್ನೂ.

ಅಲ್ಲಿ ಹೆಸರುಗಳಿಗೆಲ್ಲ ದೊಡ್ಡಕ್ಷರ.
ಮಂತ್ರಿಗೂ ಉಪ್ಪಿಗೂ
ಮಳೆಗೂ ಮೊಳೆಗೂ ಮುದುಕಿಗೂ ಸಾಲಕ್ಕೂ ಒಂದೊಂದು ರುಮಾಲು.
ನಮ್ಮ ಅಕ್ಷರಗಳಿಗೆ ಇರುವುದು ತಲೆಕಟ್ಟೊಂದೇ.
ಆದರೆ ಒಂದು ಸಂಗತಿ ನಮ್ಮದೇ ಅನಿಸಿತು:
ಉದ್ದ ವಾಕ್ಯಗಳಲ್ಲಿ ಕ್ರಿಯಾಪದ ಕೊನೆಗೆ.
ಯಾರು, ಎಲ್ಲಿ, ಯಾವಾಗ, ಎಷ್ಟು ಕೋಟಿ ಎಲ್ಲ ಮುಗಿಸಿ
ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ
ಬಂದ ಕೆಲಸ ಹೇಳುವ ಬೀಗರ ಹಾಗೆ.
ಸೈನ್ಯ ಗಡಿಯನ್ನು ದಾಟಿತೋ ದಾಟಲಿಲ್ಲವೋ
ಕಡೆಯ ಪದದವರೆಗೂ ಉಸಿರು ಹಿಡಿಯಬೇಕು.

ನಿನ್ನೆ ಒಂದು ಊರಿನ ಹೆಸರು ಬಂತು.
ಎಂಟು ವರ್ಷ ಕಟ್ಟಿಗೆ ಪೆಟ್ಟಿಗೆಗಳ ಮೇಲೆ
ನಾನೇ ಅಂಟಿಸಿದ ವಿಳಾಸದ ಊರು. ಪಿನ್‌ಕೋಡು ಬಾಯಿಪಾಠ.
ಮೊದಲು ಖುಷಿಯಾಯಿತು, ಸುಳ್ಳೇಕೆ,
ತವರೂರು ಟೀವಿಯಲ್ಲಿ ಬಂದ ಹಾಗೆ.
ಆಮೇಲೆ ವಾಕ್ಯ: ನೂರಾಹತ್ತು ವರ್ಷದ ಪಂಪ್ ಕಾರ್ಖಾನೆ,
ಮುನ್ನೂರು ಜನ, ಮಾರ್ಚ್ ಕೊನೆಗೆ,
ರುಮಾಲಿನವರೆಲ್ಲ ಸಾಲಾಗಿ ದಾಟಿಹೋದ ಮೇಲೆ
ತುದಿಯಲ್ಲಿ, ಚಿಕ್ಕಕ್ಷರದಲ್ಲಿ, ಬರಿತಲೆಯಲ್ಲಿ:
ಮುಚ್ಚಲಾಗುವುದು.

ಚಿತ್ರದಲ್ಲಿ ಗೇಟಿನ ಮುಂದೆ ಉಣ್ಣೆ ಟೊಪ್ಪಿಗೆಯ ಹೆಂಗಸು,
ಪೀಪಾಯಿಯಲ್ಲಿ ಬೆಂಕಿ,
ಅವಳ ಹಿಂದೆ ಹಲಗೆಯ ಮೇಲೆ ಒಂದು ಕವಚ. ನಮ್ಮದೇ?
ಬೆರಳಿಂದ ಹಿಗ್ಗಿಸಿದೆ. ಎರಕದ ಸಂಖ್ಯೆ ಕಾಣುವ ಮೊದಲೇ
ಕಬ್ಬಿಣ ಚೌಕಚೌಕ ಚುಕ್ಕೆಯಾಗಿ ಉದುರಿತು.

ಇಡೀ ಉದ್ಯಮಬಾಗದಲ್ಲಿ ಆ ರಾತ್ರಿ
ಇದು ಗೊತ್ತಿದ್ದವಳು ನಾನೊಬ್ಬಳೇ.
ಸಾಹೇಬರಿಗೆ ಪತ್ರ ಬರಲು ಇನ್ನೂ ವಾರ ಬೇಕಾದೀತು:
ವಿಷಾದ, ಧನ್ಯವಾದ, ಶುಭಾಶಯ.
ಗಾದಿಯ ಮೇಲೆ ಹೊರಳಿ ಹೊರಳಿ ಎದ್ದೆ,
ಬೇರೆ ಅರ್ಥ ಇದ್ದೀತೆಂದು ನಿಘಂಟು ನೋಡಿದೆ.
ಇತ್ತು. ಅದೇ ಧಾತುವಿಗೆ ತೀರ್ಮಾನಿಸು ಅಂತಲೂ ಇದೆ.
ಉಪಯೋಗವಾಗಲಿಲ್ಲ.

ಇವತ್ತು ಪಾಳಿಗೆ ಹೋದಾಗ ದುಂಡಪ್ಪ ಹುದಲಿ
ಕಪ್ಪು ಮಣ್ಣಿನ ಅಚ್ಚು ತಿದ್ದುತ್ತಿದ್ದ.
ಅಚ್ಚು ಅಂದರೆ ನಮ್ಮಲ್ಲಿ ಎರಡು, ಸುದ್ದಿ ಬೀಳುವುದೂ ಅದರಲ್ಲೇ.
ಅವನಿಗೆ ಗೊತ್ತಿರುವುದು ಒಂದೇ. ಅದು ಪೂರಾ ಗೊತ್ತು.
"ಏನಂತಾರ ಬಾಯಾರ, ನಿಮ್ಮ ಜರ್ಮನ್ ಮಂದಿ?"
ಮೇಲಿನ ಪೆಟ್ಟಿಗೆ ಇಳಿಸುತ್ತ ಕೇಳಿದ.
"ಅಲ್ಲಿ, ನಮ್ಮ ಪಂಪಿನ ಊರಾಗ," ಅಂದೆ,
"ಆ ದೊಡ್ಡ ಕಾರ್ಖಾನಿ ಐತಲ್ಲ, ಅದನ್ನ, ಬರೋ ಮಾರ್ಚ್‌ದಾಗ..."

ಕುಲುಮೆಯ ಕಡೆಯಿಂದ ಗಂಟೆ.
ಪರಶರಾಮ, ಇಸ್ಮಾಯಿಲ್ ಇಬ್ಬರೂ ಲೇಡಲ್ ಹಿಡಿದು ಬಂದರು,
ಮುಖ ಅತ್ತ ತಿರುಗಿಸಿ, ಹೆಜ್ಜೆಗೆ ಹೆಜ್ಜೆ ಕೂಡಿಸಿ.
ದುಂಡಪ್ಪ ನನಗೆ ಕೈ ತೋರಿಸಿದ: ತಡೀರಿ.
ಹೊಯ್ಯುವಾಗ ಮಾತಾಡಬಾರದು.
ನಡುವೆ ಕೈ ನಿಂತರೆ ಕಬ್ಬಿಣದೊಳಗೆ ಗೆರೆ ಉಳಿಯುತ್ತದೆ.

ಅಂಚು ಸವರಿ, ತೂಕದ ಕಲ್ಲು ಹೇರಿ
"ಮುಚ್ಚೇನಿ," ಅಂದ ಅವರಿಗೆ, "ಹೊಯ್ರಿ."

ಅಚ್ಚಿನ ಬಾಯಿ ಕೆಂಪಾಗಿ ತುಂಬಿಬರುವುದನ್ನು ನೋಡುತ್ತ ನಿಂತೆ.
ಎರಕ ನಲವತ್ತೊಂದು.
ಬರೆದುಕೊಂಡೆ.