ಚುಕ್ಕೆ ಗುರುತಿನ ಪ್ರಶ್ನೆ

ಹದಿನೈದು ದಿನ ಮೊದಲೇ ಕೊಡಬೇಕು ಪ್ರಶ್ನೆ.
ಸಿಟ್ಟನ್ನು ಅಷ್ಟು ದಿನ ಇಟ್ಟರೆ ಹಳಸುತ್ತದೆ,
ಅದಕ್ಕೇ ಕ್ಲೋತಿಲ್ದಾ ಬಾಯಿ ಅದಕ್ಕೆ ಅಂಕಿಗಳ ಉಪ್ಪು ಸವರುತ್ತಾರೆ,
ಮಳೆಗಾಲಕ್ಕೆ ಬಾಂಗಡೆ ಒಣಗಿಸಿಟ್ಟ ಹಾಗೆ.

ನಾನು ಟೈಪು ಮಾಡುವವನು.
ಪರ್ವರಿಯ ಗುಡ್ಡದ ಮೇಲೆ ಕಚೇರಿ, ಕೆಳಗೆ ಮಾಂಡವಿ.
ಚುಕ್ಕೆ ಇದ್ದರೆ ಮಂತ್ರಿ ಎದ್ದು ನಿಂತು ಹೇಳಬೇಕು,
ಇಲ್ಲದಿದ್ದರೆ ಕಾಗದಕ್ಕೆ ಕಾಗದವೇ ಉತ್ತರ.

ಖಾಜನ್ ಗದ್ದೆಗಳ ಮಾನಸ್ ಎಷ್ಟು?
ಯಾವ ಊರಿನವು? ರಿಪೇರಿಗೆ ಎಷ್ಟು ಹಣ? ಯಾರಿಗೆ ಟೆಂಡರು?
ಬಾಗಿಲಿಗೆ ಬಳಸಿದ ಮರ ಯಾವುದು?

ಮರದ ಮಾತು ಯಾಕೆ ಬಾಯಿ, ಅಂದೆ.
‘ಹಲಸೋ ಮತ್ತಿಯೋ, ಹೇಳಲಿ.
ಬಾಗಿಲು ನೋಡದವನಿಗೆ ಮರ ಗೊತ್ತಿರುವುದಿಲ್ಲ.’

ಮಾನಸ್ ಅಂದರೆ ಒಡ್ಡಿನಲ್ಲಿಟ್ಟ ಬಾಗಿಲು.
ಉಬ್ಬರದ ಉಪ್ಪುನೀರು ನೂಕಿದರೆ ತಾನೇ ಮುಚ್ಚುತ್ತದೆ,
ಇಳಿತಕ್ಕೆ ತಾನೇ ತೆರೆಯುತ್ತದೆ.
ಯಾವ ಇಲಾಖೆಯ ಅಪ್ಪಣೆಗೂ ಕಾಯುವುದಿಲ್ಲ.
ನಾನು ಗಜೇಂದ್ರಗಡದ ಕಡೆಯವನು,
ನೀರನ್ನು ಬೇಡ ಅನ್ನುವ ಕಲೆ
ಅರ್ಥವಾಗಲು ನನಗೆ ಎರಡು ಅಧಿವೇಶನ ಬೇಕಾಯಿತು.

ಪ್ರಶ್ನೋತ್ತರಕ್ಕೆ ಅರವತ್ತು ನಿಮಿಷ. ನಮ್ಮದು ನಾಲ್ಕನೆಯದು.
ಮೊದಲನೆಯದು ಬೀದಿದೀಪದ್ದು, ಕೇಳಿದವರು ಆಳುವ ಪಕ್ಷದವರೇ.
ಮಂತ್ರಿಗಳು ಒಂದೊಂದು ಕಂಬವನ್ನೂ
ನಾಮಕರಣದ ಮನೆಯಲ್ಲಿ ಕೂಸನ್ನು ಕರೆದಂತೆ ಕರೆದರು.
ಬಾಯಿ ಎದ್ದಾಗ ಉಳಿದದ್ದು ಐದು ನಿಮಿಷ.

‘ಅನುಬಂಧದಲ್ಲಿ ಲಗತ್ತಿಸಿದೆ.’
‘ಓದಿದೆ, ಸಭಾಧ್ಯಕ್ಷರೇ. ಹನ್ನೊಂದು ದುರಸ್ತಿಯಾಗಿವೆಯಂತೆ.
ಏಳನೆಯದು ನನ್ನ ಅಡುಗೆಮನೆಯ ಕಿಟಕಿಗೆ ಕಾಣುತ್ತದೆ.
ಅಲ್ಲಿ ಬಾಗಿಲಿಲ್ಲ, ಬಾಗಿಲಿನ ಜಾಗ ಇದೆ.
ಇರಲಿ. ಮರ ಯಾವುದು?’

ಅಧಿಕಾರಿಗಳ ಸಾಲಿನಿಂದ ಒಂದು ಚೀಟಿ
ಕೈಯಿಂದ ಕೈಗೆ ಬಂತು.
‘ಗುಣಮಟ್ಟದ ಮರ,’ ಎಂದು ಓದಿದರು ಮಂತ್ರಿಗಳು.
ನಗು. ಗಂಟೆ.

ಮಸೂದೆ ಬಂದದ್ದು ಹಿಂದಿನ ರಾತ್ರಿ ಹತ್ತಕ್ಕೆ,
ಮೂವತ್ತೊಂದು ಪುಟ, ಇನ್ನೂ ಬೆಚ್ಚಗೆ.
ಬಾಯಿ ಹಿಂದೆ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದವರು,
ಯಾವುದನ್ನೂ ಒಳಮೈ ತಿರುವದೆ ನಂಬುವುದಿಲ್ಲ.
ಸ್ಕೇಲು ಜಾರಿಸುತ್ತ ಸಾಲು ಸಾಲು ಇಳಿದು
ಒಂಬತ್ತನೇ ಖಂಡದಲ್ಲಿ ಪೆನ್ಸಿಲು ಕುಟ್ಟಿದರು:
ಒಡ್ಡು ಒಡೆದಲ್ಲಿ ಸರ್ಕಾರವು ದುರಸ್ತಿ ಮಾಡಬಹುದು.

ಬಹುದು.
ನಮ್ಮವ್ವ ಸಹಿ ಕಲಿತವಳಲ್ಲ, ಆದರೆ ಅವಳಿಗೂ ಗೊತ್ತಿತ್ತು:
‘ಬರಬಹುದು ಅಂದವಗ ಎಲಿ ಹಾಕಬ್ಯಾಡ.’
ತಿದ್ದುಪಡಿ ಟೈಪು ಮಾಡಿದೆ, ಒಂದೇ ಪದದ್ದು:
‘ಬಹುದು’ ಇರುವಲ್ಲಿ ‘ತಕ್ಕದ್ದು’.

ಮರುದಿನ ದನಿಯಲ್ಲಿ ಸೋತಿತು.
ಬಾಯಿ ಬಿಡಲಿಲ್ಲ, ತಲೆ ಎಣಿಸಿ ಅಂದರು.
ಹದಿನಾಲ್ಕು, ಇಪ್ಪತ್ತಮೂರು. ಹೆಸರುಗಳು ಕಡತಕ್ಕೆ ಹೋದವು.
ಖಾಜನ್‌ನಲ್ಲೇ ಹುಟ್ಟಿ ಬೆಳೆದ ಒಬ್ಬ ಸದಸ್ಯರು
ಎಣಿಸುವ ಹೊತ್ತಿಗೆ ಕ್ಯಾಂಟೀನಿನಲ್ಲಿದ್ದರು.
ನಾನೇ ನೋಡಿದೆ,
ಸಕ್ಕರೆ ಹಾಕದ ಚಹಾವನ್ನು ಬಹಳ ಹೊತ್ತು ಕದಡುತ್ತಿದ್ದರು.

ಸಂಜೆ ಕಾರು ನೇರ ಮನೆಗೆ ಹೋಗಲಿಲ್ಲ.
ಏಳನೆಯ ಮಾನಸ್ ಹತ್ತಿರ ಇಳಿತ.
ಬಾಗಿಲಿನ ಜಾಗದಲ್ಲಿ ಬಾಗಿಲಿತ್ತು:
ಹಳದಿ ಬಣ್ಣ, ಹಿತ್ತಾಳೆ ಚಿಲಕ,
ಮೂಲೆಯಲ್ಲಿ ಯಾವುದೋ ಮಗುವಿನ ಎತ್ತರದ ಗೀಟುಗಳು.
ಮೊಣಕಾಲುದ್ದ ಕೆಸರಲ್ಲಿ ಪುತು ಗಾವಡೆ ಮೊಳೆ ಬಡಿಯುತ್ತಿದ್ದ.

‘ಮರ ಯಾವುದು, ಪುತು?’
‘ಪಣಸ, ಬಾಯಿ. ಅಜ್ಜನ ಕಾಲದ್ದು.’

ಬಾಯಿ ಏನೂ ಹೇಳಲಿಲ್ಲ. ಚಪ್ಪಲಿ ತೊಳೆದುಕೊಂಡು
ಕಾರಿನಲ್ಲಿ ಕೂತ ಮೇಲೆ, ಬರೆದುಕೋ, ಅಂದರು.

ಸದರಿ ಮಾನಸ್‌ಗೆ ಪುತು ಗಾವಡೆ ಎಂಬುವರು
ತಮ್ಮ ಮನೆಯ ಮುಂಬಾಗಿಲನ್ನು ಕಳಚಿ ಅಳವಡಿಸಿರುವುದು
ಸರ್ಕಾರದ ಗಮನಕ್ಕೆ ಬಂದಿದೆಯೆ?
ಬಂದಿದ್ದಲ್ಲಿ,
ಈಗ ಅವರ ಮನೆಗೆ ಬಾಗಿಲು ಯಾವುದು?

ಸ್ವಲ್ಪ ದೂರ ಹೋದ ಮೇಲೆ ಹಿಂದಿರುಗಿ ನೋಡಿ:
‘ಚುಕ್ಕೆ ಹಾಕು.’